ಹೆಬ್ಬಾತಿನ ಹಿಕ್ಕೆ, ಐಸ್ ಪೆಟ್ಟಿಗೆ ಮತ್ತು ನಾನು

ಬೆಳಗಿನ ಆರೂವರೆ. ಗದಗ ಜಿಲ್ಲೆಯ ಮಾಗಡಿ ಕೆರೆ. ಒಂದು ನಿಮಿಷ ನಾನು ಮಾತಾಡಲ್ಲ, ಈ ಸದ್ದು ಕೇಳಿ.

ಕೇಳಿಸ್ತಾ? ರಾತ್ರಿಯೆಲ್ಲ ಯಾರದೋ ಹೊಲ ಮೇಯ್ದ ಪಟ್ಟೆತಲೆ ಹೆಬ್ಬಾತುಗಳು ಕೆರೆಗೆ ವಾಪಸ್ ಬರುತ್ತಿವೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬಂದವು. ದಡದಲ್ಲಿರುವ ಎಲ್ಲರ ಕ್ಯಾಮೆರಾ ಆಕಾಶದ ಕಡೆಗಿದೆ. ನನ್ನದು ನೆಲ ನೋಡುತ್ತಿದೆ. ನನಗೆ ಬೇಕಾಗಿರುವುದು ಅವುಗಳ ಹಿಕ್ಕೆ.

ನಗಬೇಡಿ. ಹದಿನಾಲ್ಕು ವರ್ಷದಿಂದ ಇದೇ ನನ್ನ ಹೊಟ್ಟೆಪಾಡು. ಕಾಡುಹಕ್ಕಿಗಳಿಗೆ ಏನು ಕಾಯಿಲೆ ಬರುತ್ತದೆ, ಯಾಕೆ ಸಾಯುತ್ತವೆ ಅಂತ ನೋಡುವುದು. ಅಮ್ಮನಿಗೆ ಇದನ್ನು ನೆಂಟರಿಗೆ ವಿವರಿಸಿ ಸಾಕಾಗಿದೆ. ಈಗ "ಡಾಕ್ಟರು" ಅಂದು ಮಾತು ಮುಗಿಸುತ್ತಾಳೆ.

ಹಿಕ್ಕೆ ಆರಿಸುವುದಕ್ಕೂ ಒಂದು ಲೆಕ್ಕ ಇದೆ. ಹಸಿಯಾಗಿರಬೇಕು. ಬಿಸಿಲಿಗೆ ಒಣಗಿದರೆ ಒಳಗಿನ ವೈರಸ್ ಹಾಳಾಗುತ್ತದೆ. ಹಾಗಾಗಿ ಬಾತುಗಳು ದಡ ಬಿಟ್ಟು ನೀರಿಗೆ ಇಳಿದ ಕೂಡಲೇ ನಾನು ಓಡಬೇಕು. ಗ್ಲೌಸು, ಮಾಸ್ಕು. ಹತ್ತಿಕಡ್ಡಿ ಅದ್ದಿ, ಗುಲಾಬಿ ಬಣ್ಣದ ದ್ರಾವಣ ಇರುವ ಪುಟ್ಟ ಟ್ಯೂಬಿಗೆ ಹಾಕಿ, ನಂಬರ್ ಬರೆದು, ಐಸ್ ಪೆಟ್ಟಿಗೆಗೆ. ಬಾತುಗಳಲ್ಲಿ ಫ್ಲೂ ವೈರಸ್, ಅಂದರೆ ಹಕ್ಕಿ ಜ್ವರ ತರುವ ವೈರಸ್, ಕರುಳಿನಲ್ಲೂ ಬೆಳೆಯುತ್ತದೆ. ಅದಕ್ಕೇ ಈ ಹಿಕ್ಕೆ ಪುರಾಣ.

ಹೀಗೆ ಬಗ್ಗಿಕೊಂಡು ಹುಡುಕುತ್ತಿದ್ದಾಗ ದನ ಹೊಡಕೊಂಡು ಬಂದ ಅಜ್ಜ ಒಬ್ಬರು ನಿಂತರು.

"ಯಾಕ್ ತಂಗಿ, ಏನರ ಕಳಕೊಂಡಿಯೇನು?"

ಹೇಳಿದೆ. ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ಎಲ್ಲರೂ ಕೇಳುವ ಪ್ರಶ್ನೆಯನ್ನೇ ಕೇಳಿದರು. "ಹಕ್ಕಿ ಜ್ವರ ಬಂದೈತೇನು?"

ಹಕ್ಕಿ ಸತ್ತರೆ ಹಕ್ಕಿ ಜ್ವರ. ಮನುಷ್ಯನಿಗೆ ಹೊಸ ಜ್ವರ ಬಂದರೆ ಹಕ್ಕಿಯೇ ತಂದಿದ್ದು. ಈ ಅನುಮಾನ ನನ್ನ ಕೆಲಸಕ್ಕಿಂತ ಹಳೆಯದು. ನಿಜ ಹೇಳಬೇಕೆಂದರೆ ನಮ್ಮ ದೇಶದಲ್ಲಿ ಈ ಕೆಲಸ ಶುರುವಾಗಿದ್ದೇ ಇಂಥ ಒಂದು ಅನುಮಾನದಿಂದ. ಅದೂ ನಮ್ಮ ಮಲೆನಾಡಿನಲ್ಲಿ.

1957. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡು. ಮಂಗಗಳು ಸತ್ತು ಬೀಳುತ್ತಿದ್ದವು, ಕಾಡಿಗೆ ಹೋದ ಜನ ಜ್ವರದಿಂದ ಮಲಗುತ್ತಿದ್ದರು. ನಾವು ಮಂಗನ ಕಾಯಿಲೆ ಅನ್ನುತ್ತೇವಲ್ಲ, ಅದು. ವೈರಸ್ ಪರೀಕ್ಷೆ ಮಾಡಿ ನೋಡಿದರೆ ಸೈಬೀರಿಯಾದ ಓಮ್ಸ್ಕ್ ಜ್ವರದ ವೈರಸ್‌ಗೆ ಹತ್ತಿರದ ನೆಂಟ! ಎಲ್ಲಿಯ ಸೊರಬ, ಎಲ್ಲಿಯ ಸೈಬೀರಿಯಾ? ನಡುವೆ ಓಡಾಡುವವರು ಯಾರು? ವಲಸೆ ಹಕ್ಕಿಗಳು. ಅವುಗಳ ಮೈಮೇಲೆ ಕೂತ ಉಣುಗುಗಳೇ ಇದನ್ನು ಹೊತ್ತು ತಂದಿರಬೇಕು ಅಂದುಕೊಂಡರು.

ಇದನ್ನು ಪತ್ತೆ ಮಾಡಲು ಪಕ್ಷಿತಜ್ಞ ಸಲೀಂ ಅಲಿ ಮತ್ತು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು ಉಣುಗು ಹುಡುಕಿ, ಕಾಲಿಗೆ ಉಂಗುರ ತೊಡಿಸಿ ಬಿಡತೊಡಗಿದರು. ಸಿಕ್ಕವರು ಸೊಸೈಟಿಗೆ ತಿಳಿಸಿ ಅಂತ ಉಂಗುರದ ಮೇಲೆ ಬರೆದಿರುತ್ತಿತ್ತು. ಹಕ್ಕಿಗಳೇ ವೈರಸ್ ತಂದವು ಅನ್ನುವುದು ಸಾಬೀತಾಗಲಿಲ್ಲ. ಆದರೆ ಯಾವ ಹಕ್ಕಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಅನ್ನುವುದು ನಮಗೆ ತಿಳಿದಿದ್ದು ಬಹುಪಾಲು ಆ ಉಂಗುರಗಳಿಂದ. ಕಳ್ಳನನ್ನು ಹಿಡಿಯಲು ಹೋದವರು ಊರಿನ ನಕ್ಷೆ ಬರೆದುಕೊಂಡು ಬಂದ ಹಾಗೆ.

ಇನ್ನು ನಮ್ಮ ಹೆಬ್ಬಾತುಗಳ ವಿಷಯ. 2005ರಲ್ಲಿ ಚೀನಾದ ಚಿಂಗ್ಹಾಯ್ ಸರೋವರದಲ್ಲಿ ಹಕ್ಕಿ ಜ್ವರಕ್ಕೆ 6,000ಕ್ಕೂ ಹೆಚ್ಚು ಕಾಡುಹಕ್ಕಿಗಳು ಸತ್ತವು. ಜಾಸ್ತಿ ಪೆಟ್ಟು ಬಿದ್ದಿದ್ದು ಇವಕ್ಕೇ. ಆ ವೈರಸ್‌ನ ಪೂರ್ವಜ ಮೊದಲು ಸಿಕ್ಕಿದ್ದು 1996ರಲ್ಲಿ, ಚೀನಾದ್ದೇ ಗುವಾಂಗ್‌ಡಾಂಗ್‌ನ ಸಾಕು ಹೆಬ್ಬಾತುಗಳಲ್ಲಿ. ಅಂದರೆ ಫಾರ್ಮಿನಿಂದ ಕಾಡಿಗೆ ಹೋಗಿದ್ದು. ಹಾಗಂತ ಇವು ಪೂರ್ತಿ ಪಾಪದವು ಅಂತಲೂ ನಾನು ಹೇಳಲ್ಲ. ಈಗ ಅದೇ ವೈರಸ್ಸನ್ನು ಕಾಡುಹಕ್ಕಿಗಳು ದೂರ ದೂರ ಒಯ್ಯುತ್ತಿವೆ.

ಆದರೆ ಅನುಮಾನವೇ ಉತ್ತರ ಆಗಿಬಿಟ್ಟರೆ ಕಷ್ಟ. 2019ರ ನವೆಂಬರ್. ರಾಜಸ್ಥಾನದ ಸಾಂಭರ್ ಉಪ್ಪುಸರೋವರದಲ್ಲಿ 18,000ಕ್ಕೂ ಹೆಚ್ಚು ಹಕ್ಕಿಗಳು ಸತ್ತವು. ಆಗಲೂ ಮೊದಲು ಕೇಳಿಬಂದಿದ್ದು ಹಕ್ಕಿ ಜ್ವರ. ಭೋಪಾಲ್ ಪ್ರಯೋಗಾಲಯ ಅದಲ್ಲ ಅಂದಿತು. ಬರೇಲಿಯ ಪಶುವೈದ್ಯ ಸಂಶೋಧನಾ ಸಂಸ್ಥೆ ಬೋಟುಲಿಸಂ ಅಂದಿತು. ಕೆಸರಿನಲ್ಲಿರುವ ಒಂದು ಬ್ಯಾಕ್ಟೀರಿಯಾದ ವಿಷ. ಇದು ಹರಡುವ ರೀತಿ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಸತ್ತ ಹಕ್ಕಿಯ ಮೈಯಲ್ಲಿ ಹುಳ ಆಗುತ್ತವೆ. ವಿಷ ಹುಳದಲ್ಲಿ ಸೇರುತ್ತದೆ, ಹುಳಕ್ಕೆ ಏನೂ ಆಗುವುದಿಲ್ಲ. ಅದನ್ನು ತಿಂದ ಹಕ್ಕಿಗೆ ಕಾಲು ಸೋಲುತ್ತದೆ, ರೆಕ್ಕೆ ಸೋಲುತ್ತದೆ, ಕೊನೆಗೆ ಕತ್ತು. ತಲೆ ಎತ್ತಲಾಗದೆ ನೀರಿನಲ್ಲೇ ಮುಳುಗಿ ಸಾಯುತ್ತದೆ. ಆ ಹೆಣದಲ್ಲಿ ಮತ್ತೆ ಹುಳ. ಇದಕ್ಕೆ ಮದ್ದಿಗಿಂತ ಮೊದಲು ಬೇಕಾಗಿದ್ದು ಗಮ್‌ಬೂಟು ಹಾಕಿಕೊಂಡು ಹೆಣ ಎತ್ತುವ ಜನ. ಕಾಯಿಲೆ ಯಾವುದು ಅಂತ ತಿಳಿಯದೆ ಕೂತ ಪ್ರತಿ ದಿನವೂ ಲೆಕ್ಕಕ್ಕೆ ಬರುತ್ತದೆ.

ಅದಕ್ಕೇ ನನಗೆ ಈ ಪೆಟ್ಟಿಗೆಯ ಮೇಲೆ ಇಷ್ಟು ಜೀವ. ಕೆಲಸಕ್ಕೆ ಸೇರಿದ ಎರಡನೇ ವರ್ಷ ಒಂದು ಪೆಟ್ಟಿಗೆ ತುಂಬ ಮಾದರಿ ಬಸ್ಸಿಗೆ ಹಾಕಿ ಕಳಿಸಿದ್ದೆ. ಅದು ಯಾವುದೋ ಊರಿನ ಬಿಸಿಲಲ್ಲಿ ಒಂದೂವರೆ ದಿನ ಕೂತಿತ್ತು. ಐಸ್ ಕರಗಿ ಬೆಚ್ಚಗಿನ ನೀರು. ಮೂರು ವಾರದ ದುಡಿತ ಹೋಯಿತು. ನಾನು ಅತ್ತುಬಿಟ್ಟೆ. ನನ್ನ ಗೈಡ್ ಮೇಡಂ ಟೀ ಕೊಡಿಸಿ ಒಂದೇ ಮಾತು ಹೇಳಿದರು: "ಹಕ್ಕಿಗಳು ಮುಂದಿನ ವರ್ಷವೂ ಹೇಲುತ್ತವೆ ಕಣೇ." ಅಂದಿನಿಂದ ಪೆಟ್ಟಿಗೆ ನನ್ನ ಕಾಲಬುಡದಲ್ಲೇ ಪ್ರಯಾಣ ಮಾಡುತ್ತದೆ.

ಇವತ್ತು ಇದುವರೆಗೆ ಮೂವತ್ತೊಂದು ಟ್ಯೂಬ್. ಬಿಸಿಲು ಏರುತ್ತಿದೆ, ಇನ್ನು ಅರ್ಧ ಗಂಟೆ ಅಷ್ಟೇ. ಅಜ್ಜ ಇನ್ನೂ ಹೋಗಿಲ್ಲ. ಮುಟ್ಟಬೇಡಿ ಅಂದಿದ್ದೇನೆ, ಮುಟ್ಟಿಲ್ಲ. ದನಗಳ ಪಾಡಿಗೆ ದನಗಳನ್ನು ಬಿಟ್ಟು, ಕೋಲು ಚಾಚಿ ನಿಂತಿದ್ದಾರೆ.

"ತಂಗಿ, ಲಗೂ ಬಾ. ಇಲ್ಲೊಂದು ಹಸೀದು ಐತಿ ನೋಡು."