ಹೊಗೆ ಇಳಿಯಿತು, ತೂಕ ಏರಲಿಲ್ಲ

ನಮಸ್ಕಾರ ಕೇಳುಗರೇ.

ಸೌದೆ ಒಲೆಯ ಹೊಗೆಗೆ ಕಣ್ಣು ಉರಿಯುತ್ತದೆ, ಕೆಮ್ಮು ಬರುತ್ತದೆ ಅಂತ ಹೇಳೋಕೆ ವಿಜ್ಞಾನಿ ಬೇಕಾಗಿಲ್ಲ, ಅಲ್ವಾ? ಊದುಕೊಳವೆ ಹಿಡಿದು ಒಲೆ ಮುಂದೆ ಕೂತವರನ್ನು ಕೇಳಿದರೆ ಸಾಕು. ಆದರೆ ಆ ಹೊಗೆ ಹೊಟ್ಟೆಯಲ್ಲಿರುವ ಮಗುವಿಗೆ ಎಷ್ಟು ತೊಂದರೆ ಮಾಡುತ್ತದೆ? ಅದನ್ನು ಅಳೆದೇ ಹೇಳಬೇಕು. ಚೆನ್ನೈನ ಶ್ರೀ ರಾಮಚಂದ್ರ ಸಂಸ್ಥೆಯಲ್ಲಿರುವ ಡಾ. ಕಲ್ಪನಾ ಬಾಲಕೃಷ್ಣನ್ ಬಹಳ ವರ್ಷಗಳಿಂದ ಹೀಗೆ ಅಳೆಯುತ್ತಾ ಬಂದವರು.

ಅಳೆಯೋದು ಹೇಗೆ ಅಂದರೆ, ಮುಂದೆ ಹೇಳುವ ದೊಡ್ಡ ಪ್ರಯೋಗದಲ್ಲಿ ಗರ್ಭಿಣಿ ತೊಡುವ ಒಂದು ಮೇಲಂಗಿಯಲ್ಲಿ, ಎದೆಯ ಹತ್ತಿರ, ಪುಟ್ಟ ಯಂತ್ರವೊಂದನ್ನು ಇಡುತ್ತಾರೆ. ಒಂದು ಹಗಲು ಒಂದು ರಾತ್ರಿ ಅದು ಆಕೆಯ ಜೊತೆಗೇ ಇರಬೇಕು, ಮಲಗಿದಾಗ ಪಕ್ಕದಲ್ಲಿ. ಅದರೊಳಗೆ ಮೊದಲೇ ತೂಗಿಟ್ಟ ಫಿಲ್ಟರ್ ಇರುತ್ತದೆ. ಆಮೇಲೆ ಮತ್ತೆ ತೂಗಿದಾಗ ಎಷ್ಟು ಹೆಚ್ಚಾಗಿದೆಯೋ ಅದು ಆಕೆ ಉಸಿರಾಡಿದ ಗಾಳಿಯಲ್ಲಿದ್ದ ಸಣ್ಣ ಕಣಗಳ ತೂಕ. ಯಂತ್ರವನ್ನು ಅಡುಗೆಮನೆ ಗೋಡೆಗೆ ನೇತುಹಾಕಿದ್ದರೆ ಗೋಡೆ ಎಷ್ಟು ಹೊಗೆ ಕುಡಿಯಿತು ಅಂತ ಗೊತ್ತಾಗುತ್ತಿತ್ತು, ಆಕೆ ಎಷ್ಟು ಕುಡಿದಳು ಅಂತಲ್ಲ.

ಮೊದಲು ತಮಿಳುನಾಡಿನ 1285 ಗರ್ಭಿಣಿಯರನ್ನು ಹಿಂಬಾಲಿಸಿದ ಅಧ್ಯಯನ. 2018ರಲ್ಲಿ ಪ್ರಕಟವಾಯಿತು. ಒಂದು ಘನ ಮೀಟರ್ ಗಾಳಿಯಲ್ಲಿ ಪಿಎಂ 2.5 ಅನ್ನುವ ಈ ಸಣ್ಣ ಕಣಗಳು 10 ಮೈಕ್ರೋಗ್ರಾಂ ಜಾಸ್ತಿಯಾದರೆ ಹುಟ್ಟುವ ಮಗುವಿನ ತೂಕ ಸುಮಾರು 4 ಗ್ರಾಂ ಕಡಿಮೆ. ಇಷ್ಟೇನಾ ಅನ್ನಬೇಡಿ. ಸೌದೆ ಉರಿಸುವ ಮನೆಯಲ್ಲಿ ಕಣಗಳ ಲೆಕ್ಕ 100 ಮೈಕ್ರೋಗ್ರಾಂ ದಾಟೋದು ಅಪರೂಪವೇನಲ್ಲ.

ಆದರೆ ಇಲ್ಲೊಂದು ತೊಡಕಿದೆ. ಗ್ಯಾಸ್ ಇರುವ ಮನೆಯಲ್ಲಿ ಸಾಮಾನ್ಯವಾಗಿ ಸ್ವಲ್ಪ ದುಡ್ಡೂ ಇರುತ್ತದೆ, ಒಳ್ಳೆ ಊಟವೂ ಇರುತ್ತದೆ, ಹಾಗಾಗಿ ಮಗು ದಪ್ಪಗಾಗಿದ್ದು ಹೊಗೆ ಇಲ್ಲದ್ದಕ್ಕೋ ಊಟಕ್ಕೋ ಅಂತ ಬಿಡಿಸಿ ಹೇಳೋದು ಕಷ್ಟ. ಅದಕ್ಕೇ ಕಲ್ಪನಾ ಅವರೂ ಬೇರೆ ದೇಶದವರೂ ಸೇರಿ ಹ್ಯಾಪಿನ್ ಅನ್ನುವ ದೊಡ್ಡ ಪ್ರಯೋಗ ಮಾಡಿದರು. ಭಾರತ, ಗ್ವಾಟೆಮಾಲಾ, ಪೆರು, ರುವಾಂಡಾದ 3200 ಗರ್ಭಿಣಿಯರು. ನಮ್ಮ ಕಡೆಯವರು ತಮಿಳುನಾಡಿನ ವಿಲ್ಲುಪುರಂ, ನಾಗಪಟ್ಟಿನಂ ಭಾಗದವರು. ಚೀಟಿ ಎತ್ತಿದ ಹಾಗೆ ಅರ್ಧ ಜನಕ್ಕೆ ಒಲೆ ಮತ್ತು 18 ತಿಂಗಳ ಗ್ಯಾಸ್ ಪುಕ್ಕಟೆ. ಉಳಿದವರು ಸೌದೆಯಲ್ಲೇ ಮುಂದುವರಿದರು.

2022ರಲ್ಲಿ ಫಲಿತಾಂಶ ಬಂತು. ಹೊಗೆ ಇಳಿದಿತ್ತು, ಘನ ಮೀಟರ್ ಗಾಳಿಗೆ ಸೌದೆಯವರಲ್ಲಿ 70 ಮೈಕ್ರೋಗ್ರಾಂ ಆಸುಪಾಸು, ಗ್ಯಾಸ್‌ನವರಲ್ಲಿ 24. ಆದರೆ ಮಕ್ಕಳ ತೂಕದಲ್ಲಿ ವ್ಯತ್ಯಾಸ ಸುಮಾರು 20 ಗ್ರಾಂ ಮಾತ್ರ, ಅದೂ ಕಾಕತಾಳೀಯ ಇರಬಹುದು ಅನ್ನುವಷ್ಟು. ಒಂದು ವರ್ಷದೊಳಗಿನ ಕೂಸುಗಳ ತೀವ್ರ ನ್ಯುಮೋನಿಯಾ ಕೂಡ ಕಡಿಮೆಯಾಗಲಿಲ್ಲ ಅಂತ 2024ರಲ್ಲಿ ಗೊತ್ತಾಯಿತು.

ಇಷ್ಟು ವರ್ಷ ಗೇಯ್ದ ಮೇಲೆ ಇಂಥ ಉತ್ತರ ಬಂದರೆ ಯಾರಿಗೂ ಬೇಜಾರೇ. ಕಲ್ಪನಾ ಅವರ ತಂಡ ಅದನ್ನು ಇದ್ದ ಹಾಗೇ ಅಚ್ಚು ಹಾಕಿಸಿತು. ನನಗೆ ಇವರ ಮೇಲೆ ಗೌರವ ಹೆಚ್ಚಿದ್ದು ಅಲ್ಲೇ. ಹಾಗಂತ ಗ್ಯಾಸ್ ದಂಡ ಅಂತಲ್ಲ. ಆ ಹೆಂಗಸರು ಪ್ರಯೋಗಕ್ಕೆ ಸೇರುವಾಗಲೇ ಬಸಿರಿಗೆ 9ರಿಂದ 20 ವಾರ ಆಗಿತ್ತು. ಅಷ್ಟೊತ್ತಿಗೆ ಮಾಸು ಬೆಳೆಯಲು ಶುರುವಾಗಿ ಎಷ್ಟೋ ದಿನ ಆಗಿರುತ್ತದೆ. ಬಸಿರಾದ ಮೇಲೆ ಸಿಲಿಂಡರ್ ತರುವ ಬದಲು ಮದುವೆಯಾಗಿ ಬಂದಾಗಲೇ ಮನೆಯಲ್ಲಿದ್ದರೆ ಹೇಗೆ? ಈ ಪ್ರಶ್ನೆಗೆ ಹ್ಯಾಪಿನ್ ಉತ್ತರ ಕೊಡಲ್ಲ. ಪಕ್ಕದ ಮನೆಯ ಹೊಗೆಯನ್ನು ತಡೆಯೋರು ಯಾರು ಅನ್ನೋದಕ್ಕೂ ಅಷ್ಟೇ.

ನಮ್ಮಲ್ಲೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 80ರ ದಶಕದಲ್ಲೇ ಚಿಮಣಿ ಇರುವ ಅಸ್ತ್ರ ಒಲೆ ಕೊಟ್ಟರು. ಈಗ ಎಷ್ಟೋ ಮನೆಯಲ್ಲಿ ಅಡುಗೆಗೆ ಗ್ಯಾಸ್ ಬಂದಿದೆ, ಆದರೆ ಬಚ್ಚಲ ಹಂಡೆ ಕೆಳಗೆ ಇನ್ನೂ ತೆಂಗಿನ ಗರಿ, ಮಟ್ಟೆ ಉರಿಯುತ್ತವೆ.

ಇನ್ನು ಬಾಣಂತಿ ಕೋಣೆ. ಕಿಟಕಿ ಬಾಗಿಲು ಮುಚ್ಚಿ, ಮಂಚದ ಕೆಳಗೆ ಕೆಂಡ, ಅದರ ಮೇಲೆ ಲೋಬಾನ, ಎಣ್ಣೆ ನೀರು ಹಾಕಿದ ಕೂಸನ್ನು ಆ ಹೊಗೆಯ ಮೇಲೆ ಹಿಡಿಯೋದು. ಅಜ್ಜಿಯರಿಗೆ ಬೇಜಾರಾಗಬಹುದು, ಆದರೂ ಹೇಳಿಬಿಡುತ್ತೇನೆ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮುಚ್ಚಿದ ಕೋಣೆಯಲ್ಲಿ ಪ್ರಾಣಕ್ಕೇ ಕುತ್ತು. ತಾಯಿ ಮಗುವಿಗೆ ಬೆಚ್ಚಗಿರಬೇಕು ಅಷ್ಟೇ ತಾನೇ? ಒಣ ಬಟ್ಟೆಯಲ್ಲಿ ಸುತ್ತಿ, ತಲೆಗೆ ಕುಲಾವಿ ಹಾಕಿ, ಎದೆಗೆ ಅಪ್ಪಿಕೊಂಡರೆ ಆಯಿತು. ಕೆಂಡದ ತಟ್ಟೆ ಅಂಗಳದಲ್ಲಿರಲಿ.

ನಮಸ್ಕಾರ.