ಒಂದು ಮುಖಕ್ಕೆ ಎರಡು ವಯಸ್ಸು

ಕೇಳುಗರಿಗೆಲ್ಲ ನಮಸ್ಕಾರ.

ಚರ್ಮ ಯಾಕೆ ಸುಕ್ಕಾಗುತ್ತದೆ ಅಂತ ಹತ್ತು ನಿಮಿಷ ಮಾತಾಡಿ ಎಂದು ಆಕಾಶವಾಣಿಯವರು ಕರೆದಿದ್ದಾರೆ. ನಾನು ಶಿವಮೊಗ್ಗದಲ್ಲಿ ಚರ್ಮದ ಡಾಕ್ಟರು. ಇಲ್ಲಿ ಎದುರಿಗೆ ಮೈಕು ಬಿಟ್ಟರೆ ಯಾರೂ ಇಲ್ಲ. ಆದರೆ ನನಗೆ ಕಾಣುತ್ತಿರುವುದು ಅಂಗಳದಲ್ಲಿ ಹರಡಿದ ಅಡಿಕೆ ತಿರುವುತ್ತಾ, ಜಗಲಿ ಮೇಲಿನ ರೇಡಿಯೋಗೆ ಅರ್ಧ ಕಿವಿ ಕೊಟ್ಟಿರುವ ಅಕ್ಕಂದಿರು. ತೋಟಕ್ಕೆ ಹೊರಟ ಅಣ್ಣಂದಿರು. ಈ ಮಾತು ನಿಮಗೇ.

ಮೊದಲು ಒಂದು ಕೆಲಸ ಮಾಡಿ. ಇದ್ದಲ್ಲೇ ತೋಳು ಎತ್ತಿ, ಕಂಕುಳ ಹತ್ತಿರದ ಚರ್ಮ ನೋಡಿ. ಆಮೇಲೆ ಕೈ ಮಗುಚಿ ಬೆರಳಿನ ಮೇಲಿನ ಚರ್ಮ ನೋಡಿ. ಒಂದು ನುಣ್ಣಗೆ ಇದೆ. ಇನ್ನೊಂದು ಒಣಗಿ ಬಿದ್ದ ಅಡಿಕೆ ಹಾಳೆ ಥರ ಇದೆ. ಎರಡೂ ಹುಟ್ಟಿದ್ದು ಒಂದೇ ದಿನ, ಅಲ್ವಾ? ವಯಸ್ಸು ಒಂದೇ, ಬಿಸಿಲು ಬೇರೆ. ಇವತ್ತು ನಾನು ಹೇಳುವುದು ಇಷ್ಟೇ. ರೇಡಿಯೋ ಆರಿಸುವವರು ಈಗಲೇ ಆರಿಸಬಹುದು.

ಇನ್ನೂ ಕೇಳುತ್ತಿರುವವರಿಗೆ ಒಂದು ಕಥೆ. ಕೆಲವು ವರ್ಷದ ಹಿಂದೆ ಒಬ್ಬರು ಬಸ್ ಡ್ರೈವರ್ ಬಂದಿದ್ದರು. ಶಿವಮೊಗ್ಗ–ತೀರ್ಥಹಳ್ಳಿ ರೂಟು. ಗಾಜನೂರು, ಸಕ್ರೆಬೈಲು, ಮಂಡಗದ್ದೆ, ತೀರ್ಥಹಳ್ಳಿ, ಮತ್ತೆ ವಾಪಸ್. ಮೂವತ್ತು ವರ್ಷ ಅದೇ ರಸ್ತೆ, ಅದೇ ಸೀಟು. ಬಂದದ್ದು ಹಿಮ್ಮಡಿ ಒಡೆದಿದೆ ಅಂತ. ಜೊತೆಗೆ ಅವರ ಹೆಂಡತಿ. ಕಾಲು ನೋಡಿ ಮುಲಾಮು ಬರೆಯುತ್ತಿದ್ದವಳು ತಲೆ ಎತ್ತಿದೆ. ಬರೆಯುವ ಕೈ ಅಲ್ಲೇ ನಿಂತಿತು. ಬಲಗಣ್ಣಿನ ಮೂಲೆಯಿಂದ ಕಿವಿಯವರೆಗೆ ಉತ್ತ ಗದ್ದೆಯ ಸಾಲಿನ ಹಾಗೆ ಗೆರೆ ಪಕ್ಕ ಗೆರೆ. ಬಲಗೆನ್ನೆ ಜೋತು ಬಿದ್ದಿದೆ, ಚರ್ಮ ದಪ್ಪಗಾಗಿದೆ, ಅಲ್ಲಲ್ಲಿ ಕಂದು ಚುಕ್ಕೆ. ಎಡಗೆನ್ನೆ ನೋಡಿದರೆ ಏನೂ ಆಗಿಲ್ಲ!

"ಅಮ್ಮಾ, ಸ್ವಲ್ಪ ಇಲ್ಲಿ ಬನ್ನಿ" ಅಂತ ಹೆಂಡತಿಯನ್ನು ಎದುರಿಗೆ ನಿಲ್ಲಿಸಿದೆ. ಔಷಧಿ ಚೀಟಿಯನ್ನು ಡ್ರೈವರಣ್ಣನ ಮುಖದ ಎಡ ಅರ್ಧಕ್ಕೆ ಅಡ್ಡ ಹಿಡಿದೆ. "ಇವರು ಯಾರೋ ನಿಮಗೆ ಗೊತ್ತಿಲ್ಲ ಅಂದುಕೊಳ್ಳಿ. ವಯಸ್ಸೆಷ್ಟು ಹೇಳ್ತೀರಿ?" ಆಕೆ ಸೆರಗು ಬಾಯಿಗೊತ್ತಿಕೊಂಡು ನಕ್ಕರು. ಆಮೇಲೆ, "ಎಪ್ಪತ್ತು ದಾಟಿರಬಹುದು" ಅಂದರು. ಚೀಟಿಯನ್ನು ಬಲಕ್ಕೆ ಸರಿಸಿದೆ. ಈ ಸಲ ನಗಲಿಲ್ಲ. ಸುಮ್ಮನೆ ನೋಡುತ್ತಾ ನಿಂತರು. "ಇವರು ನಮ್ಮನೆಯವರೇ" ಅಂದರು.

ಮನುಷ್ಯನಿಗೆ ಆಗಿದ್ದದ್ದು 57.

ಡ್ರೈವರಣ್ಣ ಬಿಡಲಿಲ್ಲ. "ನಾನು ಬಲಮಗ್ಗುಲಲ್ಲೇ ಮಲಗೋದು ಡಾಕ್ಟ್ರೇ, ಅದಕ್ಕೇ ಇರಬೇಕು" ಅಂದರು. ನಾನು ಹೇಳಿದೆ, ನೋಡಿ, ಎರಡು ಕೆನ್ನೆಗೂ ಅಪ್ಪ ಅಮ್ಮ ಒಂದೇ. ಉಂಡ ಗಂಜಿ ಒಂದೇ. ಸೇದಿದ ಬೀಡಿ ಒಂದೇ, ಮನೆ ಸಾಲದ ಚಿಂತೆಯೂ ಒಂದೇ. ಬೇರೆ ಇರುವುದು ಕಿಟಕಿ ಮಾತ್ರ. ನಮ್ಮಲ್ಲಿ ಡ್ರೈವರ್ ಕೂರುವುದು ಬಲಕ್ಕೆ. ಕಿಟಕಿ ಇರುವುದೂ ಬಲಕ್ಕೆ. "ಗಾಜು ಹಾಕಿಕೊಂಡೇ ಓಡಿಸ್ತಿದ್ದೆ, ಬಿಸಿಲೇ ತಾಗ್ತಿರಲಿಲ್ಲ" ಅಂದರು. ಇದೇ ನೋಡಿ ಎಲ್ಲರೂ ಮೋಸ ಹೋಗುವ ಜಾಗ. ಬಿಸಿಲಿನಲ್ಲಿ ಕಣ್ಣಿಗೆ ಕಾಣದ ನೇರಳಾತೀತ ಕಿರಣ ಇರುತ್ತದೆ. ಅದರಲ್ಲಿ ಎರಡು ಜಾತಿ ನಮ್ಮ ಮೈಗೆ ಬೀಳುತ್ತವೆ. ಬಿ ಅನ್ನುವುದು ಮೇಲ್ಚರ್ಮ ಸುಡುತ್ತದೆ. ಅದನ್ನು ಗಾಜು ತಡೆಯುತ್ತದೆ. ಎ ಅನ್ನುವುದು ಸುಡುವುದಿಲ್ಲ, ಉರಿಯುವುದಿಲ್ಲ, ಬಂದದ್ದೇ ಗೊತ್ತಾಗುವುದಿಲ್ಲ. ಸಾಮಾನ್ಯ ಕಿಟಕಿ ಗಾಜು ದಾಟಿ ಬಂದು ಒಳಚರ್ಮಕ್ಕೆ ಇಳಿಯುತ್ತದೆ. ಮೋಡ ಇದ್ದರೂ ಬರುತ್ತದೆ. ಮಳೆಗಾಲದಲ್ಲಿ ನಮ್ಮ ಮಲೆನಾಡಲ್ಲಿ ಬಿಸಿಲೆಲ್ಲಿ ಮೇಡಂ ಅಂತ ಕೇಳುವವರು ಇದನ್ನು ಕೇಳಿಸಿಕೊಳ್ಳಿ.

ಇದು ನನ್ನೊಬ್ಬಳ ಕಥೆಯೂ ಅಲ್ಲ. ಅಮೆರಿಕದಲ್ಲಿ 28 ವರ್ಷ ಸರಕಿನ ಟ್ರಕ್ ಓಡಿಸಿದ 69 ವರ್ಷದ ಒಬ್ಬರ ಫೋಟೋ 2012ರಲ್ಲಿ ಅಲ್ಲಿನ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅವರದ್ದು ಎಡಗೆನ್ನೆ ಮುದಿಯಾಗಿತ್ತು. ಯಾಕೆ ಅಂತ ನೀವೇ ಹೇಳಬಲ್ಲಿರಿ. ಅಲ್ಲಿ ಸ್ಟೇರಿಂಗು ಎಡಕ್ಕೆ.

ಸರಿ, ಆ ಬಲಗೆನ್ನೆಯ ಒಳಗೆ ಆಗಿದ್ದೇನು? ನಮ್ಮ ಚರ್ಮ ಸಣ್ಣ ಸಣ್ಣ ಜೀವಕೋಶಗಳಿಂದ ಆದದ್ದು. ಕೋಶ ಒಡೆದು ಎರಡಾಗುತ್ತದೆ, ಹಳತು ಹೋಗಿ ಹೊಸತು ಬರುತ್ತದೆ. ಇದು ಎಷ್ಟು ಸಲ ಬೇಕಾದರೂ ನಡೆಯುತ್ತದೆ ಅಂತ ಮೊದಲು ನಂಬಿದ್ದರು. 1961ರಲ್ಲಿ ಅಮೆರಿಕದ ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ ಅನ್ನುವವರು, ಇಲ್ಲ, ಗಾಜಿನ ಪಾತ್ರೆಯಲ್ಲಿ ಆಹಾರ ಹಾಕಿ ಬೆಳೆಸಿದ ಮನುಷ್ಯನ ಕೋಶ ಸುಮಾರು 50 ಸಲ ಒಡೆದು ಆಮೇಲೆ ನಿಂತುಬಿಡುತ್ತದೆ ಎಂದು ತೋರಿಸಿದರು. ನೀವು ಹಾಕಿದ ಆಹಾರವೇ ಸರಿ ಇಲ್ಲದಿದ್ದರೆ ಅಂತ ಯಾರಾದರೂ ಕೇಳಬಹುದಲ್ಲ? ಅದಕ್ಕೆ ಬಹಳ ಸಲ ಒಡೆದ ಗಂಡಸಿನ ಕೋಶ, ಇನ್ನೂ ಎಳೆಯದಾದ ಹೆಂಗಸಿನ ಕೋಶ, ಎರಡನ್ನೂ ಒಂದೇ ಗಾಜಿನ ಪಾತ್ರೆಯಲ್ಲಿ ಕಲಸಿ ಇಟ್ಟರು. ಒಂದೇ ಮನೆ, ಒಂದೇ ಊಟ. ಕೊನೆಗೆ ನೋಡಿದರೆ ಪಾತ್ರೆ ತುಂಬ ಹೆಂಗಸಿನ ಕೋಶಗಳೇ. ಅಂದರೆ ತಪ್ಪು ಊಟದ್ದಲ್ಲ, ಗಂಡಸಿನ ಕೋಶದ ಲೆಕ್ಕವೇ ಮುಗಿದಿತ್ತು. ಈ ಭಾಗ ಹೇಳುವಾಗ ನನಗೆ ಯಾವಾಗಲೂ ನಗು ಬರುತ್ತದೆ.

ಹೀಗೆ ನಿಂತ ಕೋಶವನ್ನು ನಾನು ಮುದಿಕೋಶ ಅಂತ ಕರೆಯುತ್ತೇನೆ. 50ರ ಲೆಕ್ಕ ಮುಗಿಯಲೇಬೇಕು ಅಂತೇನಿಲ್ಲ. ಬಿಸಿಲು ಕೋಶದೊಳಗಿನ ಡಿಎನ್‌ಎಯನ್ನು ಹಾಳು ಮಾಡಿದರೂ ಕೋಶ ಬ್ರೇಕ್ ಹಾಕಿ ನಿಲ್ಲುತ್ತದೆ. ನಿಲ್ಲದಿದ್ದರೆ ಕ್ಯಾನ್ಸರ್ ಆದೀತು, ಹಾಗಾಗಿ ನಿಂತದ್ದು ಒಳ್ಳೆಯದೇ. ತೊಂದರೆ ಶುರುವಾಗುವುದು ಆಮೇಲೆ.

ಅಡಿಕೆ ಬೆಳೆಯುವವರಿಗೆ ಕೊಳೆ ರೋಗ ಗೊತ್ತಲ್ಲ. ಮಳೆಗಾಲದಲ್ಲಿ ಗೊನೆಯಲ್ಲಿ ಒಂದು ಕಾಯಿಗೆ ಹಿಡಿದರೆ ಪಕ್ಕದ ಕಾಯಿಗೆ, ಅದರ ಪಕ್ಕದ್ದಕ್ಕೆ. ಮುದಿಕೋಶ ಥೇಟ್ ಹಾಗೆ. ಅದು ಬೆಳೆಯುವುದಿಲ್ಲ, ಸಾಯುವುದೂ ಇಲ್ಲ. ಕೂತಲ್ಲಿಂದಲೇ ಸುತ್ತಲೂ ರಾಸಾಯನಿಕ ಸುರಿಯುತ್ತದೆ. ಅದರಿಂದ ಪಕ್ಕದ ಒಳ್ಳೆ ಕೋಶವೂ ಮುದಿಯಾಗುತ್ತದೆ. ಕೊಳೆ ಬಂದ ಕಾಯಿ ಉದುರಿ ಬೀಳುತ್ತದೆ, ಇದು ಉದುರುವುದೂ ಇಲ್ಲ! ಚಿಕ್ಕ ವಯಸ್ಸಿನಲ್ಲಿ ಮೈಯ ರೋಗನಿರೋಧಕ ಪಡೆ ಬಂದು ಎತ್ತಿ ಹಾಕುತ್ತದೆ. ವಯಸ್ಸಾದಂತೆ ಆ ಪಡೆಯೂ ನಿಧಾನ. ಮುದಿಕೋಶ ಸುರಿಯುವ ರಸದಲ್ಲಿ ಕಾಲಜನ್ ಕತ್ತರಿಸುವ ಕಿಣ್ವಗಳೂ ಇರುತ್ತವೆ. ಕಾಲಜನ್ ಅಂದರೆ ಒಳಚರ್ಮವನ್ನು ಬಿಗಿ ಹಿಡಿದ ನಾರು, ಚಪ್ಪರದ ಗಳ ಇದ್ದ ಹಾಗೆ. ಗಳ ಮುರಿದರೆ ಚಪ್ಪರ ಕುಸಿಯುತ್ತದೆ. ಮೇಲಿಂದ ನೋಡುವ ನಾವು ಅದನ್ನು ಸುಕ್ಕು ಅನ್ನುತ್ತೇವೆ. ಡ್ರೈವರಣ್ಣನ ಬಲಗೆನ್ನೆಯಲ್ಲಿ ಮುರಿದದ್ದು ಈ ಗಳ. ವಯಸ್ಸು ಒಂದೇ, ಬಿಸಿಲು ಬೇರೆ.

ಸ್ಟುಡಿಯೋ ಗಾಜಿನ ಆಚೆಯಿಂದ ಆಕಾಶವಾಣಿಯವರು ಇನ್ನು ಐದು ನಿಮಿಷ ಅಂತ ಐದು ಬೆರಳು ತೋರಿಸುತ್ತಿದ್ದರು, ಈಗ ಎರಡಾಗಿದೆ. ಬಸ್ಸಿನ ಕಥೆ ಉದ್ದವಾಯಿತು. ಬೇಗ ಬೇಗ ಹೇಳುತ್ತೇನೆ.

ಮುದಿಕೋಶ ತೆಗೆಯುವ ಮಾತ್ರೆ ಇದೆಯಂತೆ ಹೌದಾ ಅಂತ ಈಗೀಗ ಮೊಬೈಲ್ ನೋಡಿಕೊಂಡು ಬಂದು ಕೇಳುತ್ತಾರೆ. 2011ರಲ್ಲಿ ಅಮೆರಿಕದಲ್ಲಿ ಬೇಗ ಮುದಿಯಾಗುವ ಇಲಿಗಳಲ್ಲಿ ಇಂಥ ಕೋಶ ತೆಗೆದಾಗ ಅವುಗಳ ಕಣ್ಣಿನ ಪೊರೆ, ಸ್ನಾಯು ಸವೆಯುವುದು ತಡವಾಯಿತು. ಇಲಿಗಳಿಗೆ ಅಭಿನಂದನೆ. ಹೀಗೆ ಪರೀಕ್ಷೆ ಮಾಡುತ್ತಿರುವ ಮಾತ್ರೆಗಳಲ್ಲಿ ಒಂದು ರಕ್ತದ ಕ್ಯಾನ್ಸರಿನದು. ಸುಕ್ಕಿಗೆ ಅಂತ ಅದನ್ನು ನುಂಗಬೇಡಿ. ಇನ್ನು ಮೆಡಿಕಲ್ ಶಾಪಲ್ಲಿ ಚೀಟಿ ಇಲ್ಲದೆ ತರುವ ಬೆಳ್ಳಗಾಗುವ ಕ್ರೀಮು. ದಯವಿಟ್ಟು ಬೇಡ. ಎಷ್ಟೋ ಟ್ಯೂಬಿನಲ್ಲಿ ಸ್ಟೀರಾಯ್ಡ್ ಇರುತ್ತದೆ. ಚರ್ಮ ತೆಳ್ಳಗಾಗಿ, ಕೆಂಪಾಗಿ, ಅಳುತ್ತಾ ಬರುತ್ತಾರೆ. ವಾರಕ್ಕೆ ಇಬ್ಬರಾದರೂ. ನನಗೆ ಹೇಳಿ ಹೇಳಿ ಸಾಕಾಗಿದೆ.

ಹಾಗಾದರೆ ಏನು ಮಾಡಬೇಕು? ಬೋರ್ಡೋ ದ್ರಾವಣ ಹೊಡೆಯುವುದು ಕೊಳೆ ಬರುವ ಮೊದಲು, ಬಂದ ಮೇಲೆ ಅಲ್ಲ. ಇಲ್ಲೂ ಅಷ್ಟೇ. ಹಾಳೆ ಟೊಪ್ಪಿ ಒಳ್ಳೆಯದೇ, ಆದರೆ ಅದು ನೆತ್ತಿ ಕಾಯುತ್ತದೆ, ಕೆನ್ನೆ ಕಾಯುವುದಿಲ್ಲ. ಸುತ್ತ ಅಗಲ ಅಂಚಿರುವ ಟೋಪಿ ಹಾಕಿ. ತುಂಬು ತೋಳಿನ ಅಂಗಿ ಹಾಕಿ. ಅಡಿಕೆ ತಿರುವುವ ಕೆಲಸ ನಡು ಮಧ್ಯಾಹ್ನಕ್ಕೆ ಬೇಡ. ಕೈಯಲ್ಲಿ ದುಡ್ಡಿದ್ದರೆ ಸನ್‌ಸ್ಕ್ರೀನ್ ತನ್ನಿ, ಎಸ್‌ಪಿಎಫ್ 30 ಇರಲಿ, ಅದು ಬಿ ಕಿರಣ ತಡೆಯುವ ಲೆಕ್ಕ. ಎ ಕಿರಣ ತಡೆಯುವ ಲೆಕ್ಕ ಪಿಎ, ಅದರ ಮುಂದೆ ಮೂರು ಪ್ಲಸ್ ಇರಲಿ. ದುಡ್ಡಿಲ್ಲದಿದ್ದರೆ ಟೋಪಿಯೇ ಸಾಕು. ಬೀಡಿಯೂ ಬಿಡಿ, ಅದರ ವಿಷಯ ಇನ್ನೊಂದು ದಿನ ಕರೆದರೆ ಹೇಳುತ್ತೇನೆ.

ಡ್ರೈವರಣ್ಣ ಆಮೇಲೆ ಇನ್ನೊಂದು ಸಲ ಬಂದಿದ್ದರು, ಹಿಮ್ಮಡಿ ತೋರಿಸಲು. ಕಿವಿ ಮುಚ್ಚುವ ಹಾಗೆ ತಲೆಗೆ ಟವೆಲ್ ಸುತ್ತಿದ್ದರು. ಅರ್ಧ ತೋಳಿನ ಖಾಕಿ ಅಂಗಿ. ಬಲಗೈಗೆ ಮಾತ್ರ ಮಣಿಕಟ್ಟಿನವರೆಗೆ ಒಂದು ಹೂವಿನ ಬಟ್ಟೆಯ ತೋಳು, ಹೆಂಡತಿ ಹಳೇ ನೈಟಿ ಕತ್ತರಿಸಿ ಹೊಲಿದದ್ದು. ಎಡಗೈಗೆ ಯಾಕಿಲ್ಲ ಅಂತ ಕೇಳಿದೆ. "ಅದು ಗೇರ್ ಹಾಕೋ ಕೈ ಡಾಕ್ಟ್ರೇ, ಅದು ನೆರಳಲ್ಲೇ ಇರುತ್ತೆ" ಅಂದರು.

ನಮಸ್ಕಾರ.