ಮೊದಲು ರೊಟ್ಟಿ, ಆಮೇಲೆ ಮಾತು

ಕೇಳುಗರಿಗೆ ನಮಸ್ಕಾರ.

ಕ್ರೈಸ್ತ ವಿಶ್ವಾಸಿಯೊಬ್ಬರು ಖಿನ್ನತೆಗೆ ಬಿದ್ದರು ಅಂದರೆ ಸಭೆಯಲ್ಲಿ ಒಂದು ಪ್ರಶ್ನೆ ಬೇಗ ಬರುತ್ತದೆ. 'ಪ್ರಾರ್ಥನೆ ಕಡಿಮೆ ಆಯ್ತಾ?' ಕೇಳುವವರ ಮನಸ್ಸು ಒಳ್ಳೆಯದೇ. ಆದರೆ ಮೊದಲೇ ಕುಗ್ಗಿದವರಿಗೆ ಅದು ಇನ್ನೊಂದು ಹೊರೆ.

ಬೈಬಲಿನ ಒಂದನೇ ಅರಸುಗಳು ಪುಸ್ತಕದ 19ನೇ ಅಧ್ಯಾಯ ನೋಡಿ. ಕರ್ಮೆಲ್ ಬೆಟ್ಟದಲ್ಲಿ ದೊಡ್ಡ ಜಯ ಕಂಡ ಪ್ರವಾದಿ ಎಲೀಯ, ರಾಣಿ ಈಜೆಬೆಲಳ ಬೆದರಿಕೆಗೆ ಹೆದರಿ ಓಡುತ್ತಾನೆ. ಅಡವಿಯಲ್ಲಿ ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆದುಬಿಡು ಎಂದು ದೇವರನ್ನು ಬೇಡುತ್ತಾನೆ. ದೇವದೂತ ಬಂದ. ಬುದ್ಧಿ ಹೇಳಲಿಲ್ಲ. ತಟ್ಟಿ ಎಬ್ಬಿಸಿ, ಎದ್ದು ಊಟ ಮಾಡು ಅಂದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಕುಡಿಯಲು ನೀರು. ಎಲೀಯ ತಿಂದು ಮತ್ತೆ ಮಲಗಿದ. ದೂತ ಎರಡನೇ ಸಲ ಬಂದಾಗಲೂ ಊಟದ ಮಾತೇ. 'ಎಲೀಯನೇ, ಇಲ್ಲೇನು ಮಾಡುತ್ತೀ' ಎಂದು ದೇವರು ಕೇಳಿದ್ದು ಆಮೇಲೆ, ಅವನು 40 ದಿನ ನಡೆದು ಹೋರೇಬ್ ಬೆಟ್ಟ ಮುಟ್ಟಿದ ಮೇಲೆ. ಈ ಕ್ರಮವನ್ನು ನಾವು ಸುಮ್ನೆ ದಾಟಿ ಹೋಗಬಾರದು.

ಹಾಗಾಗಿ ಮೊದಲು ದೇಹವನ್ನು ವಿಚಾರಿಸೋಣ. ಥೈರಾಯ್ಡ್ ಗ್ರಂಥಿ ಮಂದವಾದರೆ ಸುಸ್ತು, ಬೇಸರ, ಯಾವುದೂ ಬೇಡ ಅನ್ನುವ ಭಾವ ಬರುತ್ತದೆ. ಬಿ12 ವಿಟಮಿನ್ ಕೊರತೆಯಲ್ಲೂ ಹಾಗೆಯೇ. ಹೆರಿಗೆಯ ನಂತರ ತಾಯಿಗೆ ಖಿನ್ನತೆ ಬರಬಹುದು. ಪಾರ್ಶ್ವವಾಯು ಆದವರಿಗೆ, ವರ್ಷಗಟ್ಟಲೆ ನೋವು ತಿನ್ನುವವರಿಗೆ, ಸ್ಟೆರಾಯ್ಡ್ ಮಾತ್ರೆ ನುಂಗುವವರಿಗೆ ಬರಬಹುದು. ಕುಡಿತ ಅದನ್ನು ಬೆಳೆಸುತ್ತದೆ. ಕೆಲವು ಮನೆತನಗಳಲ್ಲಿ ಅದು ರಕ್ತದಲ್ಲೇ ಬರುತ್ತದೆ. ಇದರಲ್ಲಿ ಪಾಪದ ಮಾತೆಲ್ಲಿ ಬಂತು? ಎರಡು ವಾರವಾದರೂ ಬೇಸರ ಬಿಡದಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ವೈದ್ಯರ ಹತ್ತಿರ ಹೋಗಿ. ಅಪೊಸ್ತಲ ಪೌಲನ ಜೊತೆಗಿದ್ದ ಲೂಕನೂ ವೈದ್ಯನೇ ಅಲ್ವಾ?

ಆತ್ಮಿಕ ಕಾರಣಗಳೇ ಇಲ್ಲ ಎಂದು ನಾನು ಹೇಳುತ್ತಿಲ್ಲ. 32ನೇ ಕೀರ್ತನೆಯಲ್ಲಿ ದಾವೀದ, ಪಾಪವನ್ನು ಮುಚ್ಚಿಟ್ಟಾಗ ನನ್ನ ಎಲುಬುಗಳೇ ಸವೆದುಹೋದವು ಎನ್ನುತ್ತಾನೆ. ಕ್ಷಮಿಸಲಾಗದ ಸಿಟ್ಟೂ ಒಳಗೊಳಗೇ ಮನುಷ್ಯನನ್ನು ತಿನ್ನುತ್ತದೆ. ದೇವರೆಂದರೆ ತಪ್ಪು ಹುಡುಕುವ ಯಜಮಾನ ಎಂದುಕೊಂಡು ಬೆಳೆದವರು ಎಷ್ಟು ಸೇವೆ ಮಾಡಿದರೂ ಸಮಾಧಾನ ಕಾಣುವುದಿಲ್ಲ.

ಎರಡನ್ನೂ ಬೇರೆ ಮಾಡುವುದು ಹೇಗೆ? ನನ್ನ ಅನಿಸಿಕೆ ಇದು. ಪವಿತ್ರಾತ್ಮ ಮನಸ್ಸಾಕ್ಷಿಯನ್ನು ಚುಚ್ಚಿದಾಗ ಆ ತಪ್ಪಿಗೆ ಹೆಸರಿರುತ್ತದೆ. ಇಂಥವರಿಗೆ ಸುಳ್ಳು ಹೇಳಿದೆ, ಇಂಥವರ ಹಣ ಇಟ್ಟುಕೊಂಡೆ. ಅರಿಕೆ ಮಾಡಿ ಸರಿಪಡಿಸುವ ದಾರಿಯೂ ಕಾಣುತ್ತದೆ. ಖಿನ್ನತೆಯ ತಪ್ಪಿತಸ್ಥ ಭಾವಕ್ಕೆ ಹೆಚ್ಚಾಗಿ ಹೆಸರೇ ಇರುವುದಿಲ್ಲ. ಹತ್ತು ಸಲ ಅರಿಕೆ ಮಾಡಿದರೂ 'ನಾನೇ ಕೆಟ್ಟವನು' ಅನ್ನುವುದು ಹೋಗುವುದಿಲ್ಲ. ಅಂಥವರಿಂದ ಹನ್ನೊಂದನೇ ಅರಿಕೆ ಮಾಡಿಸುವುದು ಕ್ರೂರತನ.

ಇನ್ನು ಕೆಲವರ ದುಃಖಕ್ಕೆ ಎಷ್ಟು ಹುಡುಕಿದರೂ ಕಾರಣ ಸಿಗುವುದಿಲ್ಲ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಅದು ಬೈಬಲಿನಲ್ಲಿದೆ. ಪಾಪವೇ ಇಲ್ಲದ ಯೇಸುಸ್ವಾಮಿ ಗೆತ್ಸೇಮನೆ ತೋಟದಲ್ಲಿ, ನನ್ನ ಪ್ರಾಣ ಸಾಯುವಷ್ಟು ದುಃಖಪಡುತ್ತಿದೆ ಎಂದರು. ಲಂಡನ್ನಿನ ಹೆಸರಾಂತ ಬೋಧಕ ಚಾರ್ಲ್ಸ್ ಸ್ಪರ್ಜನ್ ಅವರ ಕೂಟದಲ್ಲಿ 1856ರಲ್ಲಿ ಯಾರೋ 'ಬೆಂಕಿ' ಎಂದು ಸುಳ್ಳು ಕೂಗಿದರು. ನೂಕುನುಗ್ಗಲಿನಲ್ಲಿ 7 ಜನ ಸತ್ತರು. ಆಗ ಅವರಿಗೆ 22 ವರ್ಷ. ಆ ಪೆಟ್ಟು, ಮುಂದೆ ಕೀಲುನೋವಿನ ಕಾಯಿಲೆ, ಎರಡೂ ಸೇರಿ ಖಿನ್ನತೆ ಅವರನ್ನು ಮತ್ತೆ ಮತ್ತೆ ಕಾಡಿತು. ಅದನ್ನು ಅವರು ಮುಚ್ಚಿಡಲೂ ಇಲ್ಲ, ಬೋಧನೆ ಬಿಡಲೂ ಇಲ್ಲ.

ಖಿನ್ನತೆಯ ಮಾತ್ರೆ ಕೆಲಸ ಮಾಡಲು ಕೆಲವು ವಾರ ಬೇಕು. ಪ್ರಾರ್ಥನೆಯ ನಂತರ ಮನಸ್ಸು ಹಗುರಾಯಿತು ಎಂದು ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ಸಾಯುವ ಯೋಚನೆ ಬರುತ್ತಿದ್ದರೆ ಇವತ್ತೇ ಒಬ್ಬರ ಹತ್ತಿರ ಬಾಯಿಬಿಟ್ಟು ಹೇಳಿ. ಆ ಮಾತು ಕೇಳಿಸಿಕೊಂಡವರು ಅವರನ್ನು ಒಂಟಿಯಾಗಿ ಬಿಡಬೇಡಿ. ವೈದ್ಯರ ಬಳಿಗೆ ನೀವೇ ಜೊತೆಯಲ್ಲಿ ಕರೆದುಕೊಂಡು ಹೋಗಿ. ಬೈಬಲ್ ವಾಕ್ಯ ಓದುವುದನ್ನು ದಾರಿಯಲ್ಲೂ ಮಾಡಬಹುದು.